‘ಅದು’ ಎನ್ನಿಸಿಕೊಂಡವಳು

ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಬಡಗಿಯ ಮಗಳು ಅಪ್ಪನಿಗಿಂತ ಒಂದು ಗೇಣು ಎತ್ತರವಾಗಿದ್ದಳು. ದನಿ ದಪ್ಪ. ವಿಷಮಜ್ವರದಲ್ಲಿ ಕೂದಲು ಬಹಳ ಉದುರಿ, ಉಳಿದದ್ದನ್ನು ಅಮ್ಮ ಮೋಟಾಗಿ ಕತ್ತರಿಸಿಬಿಟ್ಟಿದ್ದಳು. ಶಾಲೆಯಲ್ಲಿ ಆರಿಸಿಕೊಳ್ಳುವ ಭಾಷೆಯಾಗಿ ಜರ್ಮನ್ ತೆಗೆದುಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಆ ಕೋಣೆಯಲ್ಲಿ ಮಾತ್ರ ಫ್ಯಾನು ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಮೇಷ್ಟ್ರು ‘ದಾಸ್ ಮೇಡ್‌ಖೆನ್’ ಎಂದು ಬೋರ್ಡಿನ ಮೇಲೆ ಬರೆದು, “ಹುಡುಗಿ ಅಂತ ಅರ್ಥ. ಆದ್ರೆ ಜರ್ಮನ್‌ನಲ್ಲಿ ಇದು ಸ್ತ್ರೀಲಿಂಗ ಅಲ್ಲ, ನಪುಂಸಕಲಿಂಗ. ‘ಅವಳು ಬಂದಳು’ ಅನ್ನೋ ಹಾಗಿಲ್ಲ, ‘ಅದು ಬಂತು’ ಅನ್ನಬೇಕು” ಎಂದರು. ತಡವಾಗಿ ಬಂದ ಇವಳು ಆಗಲೇ ಬಾಗಿಲಲ್ಲಿ ನಿಂತಳು. ಮೇಷ್ಟ್ರು ಅಡಿಯಿಂದ ಮುಡಿಯವರೆಗೆ ನೋಡಿ, “ನೋಡಿ, ಬಂತು!” ಎಂದರು.

ತರಗತಿ ಬಿದ್ದು ಬಿದ್ದು ನಕ್ಕಿತು. ಮಧ್ಯಾಹ್ನದೊಳಗೆ ಶಾಲೆಯ ಬಾಯಲ್ಲೆಲ್ಲ ಅದೇ. ಅದು ನೀರು ಕುಡೀತು. ಅದು ಹುಡುಗೀರ ಬಚ್ಚಲಿಗೆ ಯಾಕೆ ಹೋಗುತ್ತೆ? ಅದೇ ಶಾಲೆಯಲ್ಲಿದ್ದ ಅವಳ ತಮ್ಮ ಆ ಮಾತನ್ನು ಮನೆಗೂ ಹೊತ್ತು ತಂದ. ಒಂದು ಸಂಜೆ ಅಮ್ಮನೇ ಒಳಗಿನಿಂದ “ಅದು ಬಂತೇನೋ?” ಎಂದು ಕೇಳಿ, ನಾಲಿಗೆ ಕಚ್ಚಿಕೊಂಡಳು.

ಹಾಗೆ ಕರೆಯದೆ ಉಳಿದವಳು ಬೆಂಚಿನ ಗೆಳತಿ ಗುಬ್ಬಿ ಒಬ್ಬಳೇ. ಪುಟ್ಟ ಆಳು, ಮಾತು ತೊದಲು. ಲೈಬ್ರರಿಯ ವ್ಯಾಕರಣ ಪುಸ್ತಕ ತಿರುವಿ ಹಾಕಿ ಅವಳೇ ಹುಡುಕಿದಳು: ಕೊನೆಗೆ ‘ಖೆನ್’ ಸೇರಿದರೆ ಯಾವ ಪದವಾದರೂ ನಪುಂಸಕವೇ, ಹುಡುಗಿಯ ತಪ್ಪೇನೂ ಇಲ್ಲ. “ನಾ... ನಾಳೆ ಎದ್ದು ಹೇಳೇ. ನಾನಿದೀನಲ್ಲ.”

ಮರುದಿನ ಬಡಗಿಯ ಮಗಳು ಎದ್ದು ಹಾಗೇ ಹೇಳಿದಳು. ಮೇಷ್ಟ್ರು ಕೈ ಜೋಡಿಸಿದರು. “ಅಬ್ಬಬ್ಬಾ! ಅದಕ್ಕೆ ವ್ಯಾಕರಣನೂ ಬರುತ್ತೆ!”

ಆಮೇಲೆ ಮೌಖಿಕ ಪರೀಕ್ಷೆ ಬಂತು. ಗುಬ್ಬಿ ತನ್ನ ಪರಿಚಯ ಹೇಳಬೇಕು. “ಇ... ಇಖ್... ಇಖ್...” ಎಂದು, ‘ನಾನು’ ಎಂಬ ಆ ಮೊದಲ ಪದದಲ್ಲೇ ಸಿಕ್ಕಿಕೊಂಡಳು. ಆಗ ಬಡಗಿಯ ಮಗಳ ದಪ್ಪ ದನಿ ಕೇಳಿಸಿತು: “ಸರ್, ಗುಬ್ಬಿಗೆ ಬಿಕ್ಕಳಿಕೆ. ಸ್ವಲ್ಪ ನೀರು ಕುಡಿಸಿ.”

ಮೇಷ್ಟ್ರೇ ಮೊದಲು ನಕ್ಕರು. ಆ ನಗು ತನ್ನನ್ನು ಬಿಟ್ಟು ಬೇರೆ ಕಡೆ ಹರಿದದ್ದು ಅವಳಿಗೆ ಬಿಸಿಲಿನಿಂದ ನೆರಳಿಗೆ ಬಂದಂತಾಯಿತು. ಗುಬ್ಬಿ ತಿರುಗಿ, “ನೀ... ನೀನಾ?” ಎಂದಳು. ಅದಕ್ಕೂ ನಕ್ಕರು.

ಅಂದಿನಿಂದ ಗುಬ್ಬಿ ‘ಬಿಕ್ಕಳಿಕೆ’ಯಾದಳು. ನಗು ತಣ್ಣಗಾಗುತ್ತಿದೆ ಅನ್ನಿಸಿದಾಗಲೆಲ್ಲ ಇವಳೇ ಉರಿಗೆ ಸೌದೆ ಒಟ್ಟಿದಳು. ವರ್ಷ ಮುಗಿಯುವಷ್ಟರಲ್ಲಿ ‘ಅದು’ ಯಾರಿಗೂ ನೆನಪಿರಲಿಲ್ಲ. ಗುಬ್ಬಿ ಹಾಜರಿಗೂ ಕೈ ಮಾತ್ರ ಎತ್ತುವಂತಾಗಿ, ಹತ್ತನೆಯದಕ್ಕೆ ಬರಲೇ ಇಲ್ಲ. ಒಂದು ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತಳು.

ಬಡಗಿಯ ಮಗಳು ಜರ್ಮನ್‌ನಲ್ಲಿ ಬಹುಮಾನ ಗೆದ್ದಳು, ಮುಂದೆ ಓದಿದಳು, ಮೇಷ್ಟ್ರು ನಿವೃತ್ತರಾದಾಗ ಅವರ ಕುರ್ಚಿಗೇ ಬಂದಳು. ಪಾಠ ಚೆನ್ನಾಗಿ ಮಾಡುತ್ತಾಳೆ. ಮಕ್ಕಳನ್ನು ನಗಿಸುತ್ತಾಳೆ, ಪ್ರತಿ ವರ್ಷ ಯಾರಾದರೊಬ್ಬರನ್ನು ನಗೆಪಾಟಲು ಮಾಡಿ.

ಹೋದ ಜೂನ್‌ನಲ್ಲಿ, ಮಕ್ಕಳು ಭಾಷೆ ಆರಿಸಿಕೊಳ್ಳುವ ದಿನ, ಈಗ ‘ಮೇಡಂ’ ಆಗಿದ್ದ ಅವಳ ಮೇಜಿನ ಮುಂದೆ ಗುಬ್ಬಿ ತನ್ನ ಮಗಳ ಕೈ ಹಿಡಿದು ನಿಂತಿದ್ದಳು. ಇಬ್ಬರಿಗೂ ಗುರುತು ಸಿಕ್ಕಿತು.

“ಇ... ಇವಳಿಗೆ ಜ... ಜ...”

ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮೇಡಂ ತುಸು ಕಾದರು. ಆಮೇಲೆ ಗುಬ್ಬಿಯ ಹೆಗಲ ಆಚೆಗೆ ನೋಡಿ, “ಮುಂದಿನವರು ಬನ್ನಿ” ಎಂದರು.