ಚಾರುಮತಿಯನ್ನು ನಾಲೆಯಿಂದ ತೆಗೆದವನು

ಪೇಪರಿನ ಫೋಟೋದಲ್ಲಿ ಚಿಕ್ಕಬೋರಯ್ಯನ ಅಂಗಿ ಒಣಗಿತ್ತು. ಹತ್ತೊಂಬತ್ತು ವರ್ಷ ಕಳೆದರೂ ಕೊಪ್ಪದ ನಾಗಯ್ಯನ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತಿರುವುದು ಅದೊಂದೇ ಸಂಗತಿ. ಸಿನಿಮಾ ನಟಿ ಚಾರುಮತಿಯ ಹೆಣವನ್ನು ನಾಲೆಯ ತಳದಿಂದ ತಂದವನು ನಾಗಯ್ಯ. ಮಾರನೆಯ ದಿನ ಪೇಪರಿನಲ್ಲಿ ಬಂದದ್ದು ದಡದ ಮೇಲೆ ಹಗ್ಗ ಹಿಡಿದು ನಿಂತಿದ್ದ ಚಿಕ್ಕಬೋರಯ್ಯ. ಕೆಳಗೆ ‘ನಟಿಯ ಶವ ಮೇಲೆತ್ತಿದ ಸಾಹಸಿ’ ಅಂತ ದಪ್ಪ ಅಕ್ಷರ. ನೀರಿಗಿಳಿದವನ ಅಂಗಿ ಒಣಗಿರುತ್ತದೆಯೇ? ಅಷ್ಟು ನೋಡುವ ಕಣ್ಣು ಬರೆದವನಿಗೂ ಇರಲಿಲ್ಲ, ಓದಿದವರಿಗೂ ಇರಲಿಲ್ಲ.

ನಾಗಯ್ಯ ಓದಿದ್ದು ನಾಲ್ಕನೇ ಕ್ಲಾಸು. ಎಮ್ಮೆಯ ಬಾಲ ಹಿಡಿದು ಈಜು ಕಲಿತವನು. ಎರಡೆಕರೆ ಗದ್ದೆ, ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ಇಷ್ಟೇ ಅವನ ಬದುಕು. ಆದರೆ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಯಾರಾದರೂ ನಾಲೆಗೋ ಕೆರೆಗೋ ಬಿದ್ದು ಸಿಗದೇ ಹೋದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಅವನ ಬಾಗಿಲಿಗೇ. ಐವತ್ತೆಂಟು ವಯಸ್ಸಿಗೆ ಮೂವತ್ತೊಂದು ಹೆಣ ತೆಗೆದಿದ್ದಾನೆ. ಒಂದಕ್ಕೂ ಕಾಸು ಮುಟ್ಟಿಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ. ಸತ್ತವರ ಕಡೆಯವರು ಅಳುತ್ತಾ ಕಾಲಿಗೆ ತೊಡರಿಕೊಂಡರೆ ಅವರನ್ನೂ ಬೈದು ಆಚೆ ನಿಲ್ಲಿಸಿ ನೀರಿಗೆ ಇಳಿಯುತ್ತಿದ್ದ.

ಇಳಿಯುವಾಗ ಸೊಂಟಕ್ಕೆ ಹಗ್ಗ. ಆ ಹಗ್ಗದ ಇನ್ನೊಂದು ತುದಿ ಯಾವತ್ತೂ ಚಿಕ್ಕಬೋರಯ್ಯನ ಕೈಯಲ್ಲಿ. ಅವನು ನಾಗಯ್ಯನ ಗದ್ದೆಯ ಬದುವಿನಾಚೆಯವನು, ಐದು ವರ್ಷ ದೊಡ್ಡವನು. ಈಜು ಬಾರದು. ಕೆಳಗಿನಿಂದ ಎರಡು ಸಲ ಜಗ್ಗಿದರೆ ಮೇಲಕ್ಕೆ ಎಳೆಯಬೇಕು ಎಂಬುದು ಇಬ್ಬರ ನಡುವಿನ ಮಾತು. ಆದರೆ ಚಿಕ್ಕಬೋರಯ್ಯ ಆ ಮಾತೊಂದನ್ನೇ ನಂಬಿ ಕೂರುವವನಲ್ಲ. ನಾಗಯ್ಯನ ತಲೆ ನೀರೊಳಕ್ಕೆ ಹೋದ ತಕ್ಷಣ ಅವನೂ ದಡದ ಮೇಲೆ ಉಸಿರು ಬಿಗಿಹಿಡಿಯುತ್ತಿದ್ದ. ತನ್ನ ಎದೆ ಇನ್ನು ತಡೆಯದು ಅನ್ನಿಸಿದ ಕೂಡಲೇ, ಜಗ್ಗಲಿ ಬಿಡಲಿ, ಎಳೆದುಬಿಡುತ್ತಿದ್ದ.

ಅವರ ಹಿರಿಯರ ಕಾಲದಿಂದ ಬಂದ ನೇಮವೊಂದಿತ್ತು. ಹೆಣ ಮುಟ್ಟಿದವನು ಹಾಗೇ ಮನೆಯ ಹೊಸಿಲು ದಾಟುವಂತಿಲ್ಲ. ಹಗ್ಗ ಹಿಡಿದವನು ಅವನ ತಲೆಗೆ ಮೂರು ಬಿಂದಿಗೆ ನೀರು ಹುಯ್ಯಬೇಕು. ಮೂರನೇ ದಿನ, ನೀರಿಗಿಳಿದವನ ಮನೆಯಲ್ಲಿ ಹಗ್ಗ ಹಿಡಿದವನಿಗೆ ಮುದ್ದೆ, ಕೋಳಿ ಸಾರು. ಅವನು ಉಂಡು ಕೈ ತೊಳೆಯುವವರೆಗೆ ಮನೆಯವರು ಒಂದು ತುತ್ತೂ ಎತ್ತುವಂತಿಲ್ಲ. ಅವನು ಉಂಡರೆ ಆ ಸಾವಿನ ಋಣ ಇಬ್ಬರ ಮೇಲಿಂದಲೂ ಇಳಿಯಿತು.

ಚಾರುಮತಿ ಆ ಕಾಲಕ್ಕೆ ಕ್ಯಾಲೆಂಡರಿನಲ್ಲಿ, ಆಟೋ ಬೆನ್ನಿನಲ್ಲಿ, ಕಟಿಂಗ್ ಶಾಪಿನ ಗೋಡೆಯಲ್ಲಿ, ಎಲ್ಲೆಲ್ಲೂ ಇದ್ದವಳು. ಶೂಟಿಂಗ್ ಮುಗಿಸಿ ಒಬ್ಬಳೇ ಕಾರು ಓಡಿಸಿಕೊಂಡು ಹೊರಟವಳು ಬೆಳಗಿನ ಮಂಜಿನಲ್ಲಿ ನಾಲೆ ಏರಿಯಿಂದ ಜಾರಿ ನೀರಿಗೆ ಬಿದ್ದಳು. ನಾಗಯ್ಯ ಇಳಿದಾಗ ನೀರು ಕಲಸಿದ ಮಣ್ಣಿನ ಬಣ್ಣ. ಕಣ್ಣಿಗೆ ಏನೂ ಕಾಣದು, ಏನಿದ್ದರೂ ಕೈಯೇ ನೋಡಬೇಕು. ಕಾರಿನ ಬಾಗಿಲು ಎಳೆದರೆ ಸಲೀಸಾಗಿ ಬಂತು. ಅವಳ ಸೀಟ್ ಬೆಲ್ಟನ್ನು ಕುಡುಗೋಲಿನಿಂದ ಕೊಯ್ದ. ಕೊಯ್ದ ಬೆಲ್ಟು ಅವನ ಕಾಲಿಗೇ ಸುತ್ತಿಕೊಂಡಿತು. ಒಂದು ಕೈ ಅವಳ ಜಡೆಯಲ್ಲಿ, ಇನ್ನೊಂದು ಕೈ ಬೆಲ್ಟಿನಲ್ಲಿ. ಹಗ್ಗ ಜಗ್ಗುವುದಕ್ಕೆ ಮೂರನೇ ಕೈ ಇರಲಿಲ್ಲ. ಬಾಯಿಗೆ ನೀರು ನುಗ್ಗಿತು. ಇನ್ನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಸೊಂಟ ಮುರಿಯುವ ಹಾಗೆ ಮೇಲಿನಿಂದ ಎಳೆತ ಬಂತು. ಕಾಲಿನ ಚರ್ಮ ಸುಲಿದು, ಬೆಲ್ಟು ಕಳಚಿ, ಅವನೂ ಅವಳೂ ಒಟ್ಟಿಗೆ ಮೇಲೆ ಬಂದರು.

ಮನೆಯ ಮುಂದೆ ಚಿಕ್ಕಬೋರಯ್ಯ ಮೂರು ಬಿಂದಿಗೆ ನೀರು ಹುಯ್ದ. ನಾಗಯ್ಯನ ಹೆಂಡತಿ ಮರಿತಾಯಮ್ಮ ಮೂರನೇ ದಿನಕ್ಕೆಂದು ಒಂದು ಹುಂಜವನ್ನು ಮಂಕರಿ ಕೆಳಗೆ ಮುಚ್ಚಿಟ್ಟಳು. ಮಾರನೆಯ ದಿನ ಪೇಪರು ಬಂತು. ಡೇರಿಯ ಮುಂದೆ ಜನ ಚಿಕ್ಕಬೋರಯ್ಯನ ಹೆಗಲ ಮೇಲೆ ಕೈ ಹಾಕಿ, ಚಾರುಮತಿ ಹೆಂಗಿದ್ಲು, ಭಾರ ಇದ್ಲಾ, ಅಂತ ಕೇಳುತ್ತಿದ್ದರು. ನಾಗಯ್ಯ ಹಾಲಿನ ಕ್ಯಾನು ಅಲ್ಲೇ ಕುಕ್ಕಿ ಮನೆಗೆ ಬಂದು, ಮಂಕರಿ ಎತ್ತಿ ಒದ್ದು ಹುಂಜವನ್ನು ಓಡಿಸಿಬಿಟ್ಟ. ಮೂರನೇ ದಿನ ಊಟಕ್ಕೆ ಕರೆಯಲಿಲ್ಲ.

ಚಿಕ್ಕಬೋರಯ್ಯ ಅದನ್ನು ಎತ್ತಿ ಆಡಲಿಲ್ಲ. ಆಮೇಲಿನ ಹೆಣಗಳಿಗೂ ಬಂದು ಹಗ್ಗ ಹಿಡಿದ. ಅವುಗಳ ಊಟವೆಲ್ಲ ಸರಿಯಾಗಿಯೇ ನಡೆಯಿತು. ಆ ಒಂದು ಊಟ ಮಾತ್ರ ಬಾಕಿ.

ಇತ್ತ ಚಾರುಮತಿಯ ಸಾವು ವರ್ಷವರ್ಷವೂ ಬೆಳೆಯಿತು. ನಿರ್ಮಾಪಕನೊಬ್ಬ ಲಾರಿಯಿಂದ ಗುದ್ದಿಸಿದ ಅಂದರು. ಅವಳ ಕಾಲಲ್ಲಿ ಒಂದೇ ಚಪ್ಪಲಿ ಇತ್ತಂತೆ, ಇನ್ನೊಂದು ಯಾವನೋ ಮಂತ್ರಿಯ ತೋಟದಲ್ಲಿ ಸಿಕ್ಕಿತಂತೆ ಅಂದರು. ಸತ್ತವಳು ಅವಳಲ್ಲ, ಅವಳ ಹಾಗೇ ಇದ್ದ ಡ್ಯೂಪು, ನಿಜವಾದ ಚಾರುಮತಿ ಕಾಶಿಯಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದಾಳೆ ಅಂದರು. ಮದ್ದೂರಿನ ಪಂಕ್ಚರ್ ಅಂಗಡಿಯ ಅಕ್ರಂ ಪಾಷಾನಂತೂ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಲೇ, ಬ್ರೇಕಿನ ಪೈಪು ಯಾರು ಹೇಗೆ ಕತ್ತರಿಸಿರಬಹುದು ಅಂತ ವಿವರಿಸುತ್ತಿದ್ದ. ನಾಗಯ್ಯ ಇದನ್ನೆಲ್ಲ ಕೇಳುತ್ತಾ ಕೂತಿರುತ್ತಿದ್ದ. ಕೊಂದವರು ಯಾರು ಅಂತ ನೂರು ಹೆಸರು ಬಂದವು. ತೆಗೆದವರು ಯಾರು ಅಂತ ಒಂದು ನಾಯಿಯೂ ಕೇಳಲಿಲ್ಲ.

ಹೋದ ವರ್ಷ ಅದೇ ಅಂಗಡಿಯಲ್ಲಿ ಅಕ್ರಂ ಪಾಷಾ ಮೊಬೈಲು ಮುಂದೆ ಹಿಡಿದ. ಮಂಡ್ಯದ ಅರುಂಧತಿ ಅನ್ನುವ ಹೆಣ್ಣುಮಗಳು ನಡೆಸುವ ಯೂಟ್ಯೂಬ್ ಚಾನೆಲ್ಲು. ‘ಚಾರುಮತಿ ಸಾವಿನ ರಹಸ್ಯ’ ಅಂತ ಹೆಸರು. ನಾಲೆ ಏರಿಯ ಮೇಲೆ ಚಿಕ್ಕಬೋರಯ್ಯ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ‘ಇದೇ ಜಾಗದಲ್ಲಿ ನಾವು ತೆಗುದ್ವಿ’ ಅಂದ. ಮತ್ತೆ ‘ನಾವು ಬೆಲ್ಟ್ ಕೊಯ್ದ್ವಿ’ ಅಂದ.

ಎಂಟು ಲಕ್ಷ ಜನ ನೋಡಿದ್ದಾರೆ ಕಣಣ್ಣ, ನಿಮ್ಮೂರಿನವನು ಹೀರೋ ಆಗಿಬಿಟ್ಟ, ಅಂತ ಅಕ್ರಂ ಪಾಷಾ ನಕ್ಕ. ನಾಗಯ್ಯನಿಗೆ ನಗು ಬರಲಿಲ್ಲ. ನಾವಂತೆ ನಾವು! ಬೆಲ್ಟು ಕೊಯ್ದ ಕುಡುಗೋಲು ಇವತ್ತಿಗೂ ತನ್ನ ಕೊಟ್ಟಿಗೆಯ ಸೂರಿನಲ್ಲಿದೆ. ಮೊಣಕಾಲಿನ ಕೆಳಗಿನ ಕಲೆ ಇವತ್ತಿಗೂ ಚಳಿಗಾಲದಲ್ಲಿ ಕಡಿಯುತ್ತದೆ. ಆ ಕಲೆ ಚಿಕ್ಕಬೋರಯ್ಯನ ಕಾಲಲ್ಲಿ ಇದೆಯೇ? ಆ ಇಡೀ ದಿನ ಅವನು ಹಸುವಿಗೂ ಬೈದ, ಹೆಂಡತಿಗೂ ಬೈದ. ಮಾರನೆಯ ದಿನ ಮಂಡ್ಯದ ಬಸ್ಸು ಹತ್ತಿದ.

ಅರುಂಧತಿ ಕೂರಿಸಿ ಟೀ ಕೊಟ್ಟಳು. ಅವನು ಪ್ಯಾಂಟು ಮಡಿಸಿ ಕಲೆ ತೋರಿಸಿದ, ನೀರಿನ ಬಣ್ಣ ಹೇಳಿದ, ಬಾಗಿಲು ಹೇಗೆ ತೆರೆಯಿತು ಅಂತ ಹೇಳಿದ. ಅವಳು ಗಡಿಯಾರ ನೋಡಿಕೊಂಡಳು.

“ಇದೆಲ್ಲ ಅವರೇ ಹೇಳಿಬಿಟ್ಟಿದ್ದಾರಲ್ಲ ಅಂಕಲ್. ಹೊಸದೇನಾದ್ರೂ ಇದ್ರೆ ಹೇಳಿ, ಈಗ್ಲೇ ಕ್ಯಾಮೆರಾ ಹಾಕ್ತೀನಿ.”

ಹೊಸದು. ನಾಗಯ್ಯ ಟೀ ಲೋಟ ಕೆಳಗಿಟ್ಟ. ಅವನು ಚಾರುಮತಿಯನ್ನು ತೆಗೆದದ್ದು ಹಳೇ ಸಂಗತಿ, ಯಾಕೆಂದರೆ ಅದನ್ನು ಚಿಕ್ಕಬೋರಯ್ಯ ಆಗಲೇ ಉಂಡು ಬಿಟ್ಟಿದ್ದ. ನಾಲೆಯ ತಳದಲ್ಲಿ ತನ್ನ ಕೈಗೆ ಮಾತ್ರ ಸಿಕ್ಕಿರಬಹುದಾದದ್ದು, ದಡದ ಮೇಲೆ ನಿಂತವನು ಹೇಳಲಾಗದ್ದು ಏನಾದರೂ ಬೇಕಾಗಿತ್ತು. ಕ್ಯಾಮೆರಾದ ಕೆಂಪು ದೀಪ ಹತ್ತಿತು.

“ಅವ್ಳ ತೊಡೆ ಮೇಲೆ ಒಂದು ಚರ್ಮದ ಬ್ಯಾಗಿತ್ತು ಕಣವ್ವ. ಮೊದ್ಲು ಅದ ಮೇಲಕ್ ಕೊಟ್ಟೆ. ಅಗ್ಗ ಇಡ್ದಿದ್ದೋನ ಕೈಗೇ ಕೊಟ್ಟಿದ್ದು. ಆಮೇಲೆ ಅದೇನಾಯ್ತೋ ಅವುನ್ನೇ ಕೇಳಿ.”

ಬ್ಯಾಗೂ ಇರಲಿಲ್ಲ, ಗೀಗೂ ಇರಲಿಲ್ಲ. ಬಸ್ಸಿನಲ್ಲಿ ಊರಿಗೆ ಬರುವಾಗ ನಾಗಯ್ಯನ ಎದೆ ಬಹಳ ವರ್ಷಗಳ ಮೇಲೆ ಹಗುರಾಗಿತ್ತು.

ಹಗುರು ಇದ್ದದ್ದು ನಾಲ್ಕು ದಿನ. ಚಾರುಮತಿಯ ಬ್ಯಾಗು ಎಲ್ಲಿ ಅಂತ ಊರೂರು ಕೇಳತೊಡಗಿತು. ಬ್ಯಾಗಿನಲ್ಲಿ ಕೊಲೆಗಾರನ ಕಾಗದ ಇತ್ತು ಅಂದರು, ವಜ್ರದ ಸರ ಇತ್ತು ಅಂದರು. ಚಿಕ್ಕಬೋರಯ್ಯ ತಾರಸಿ ಮನೆ ಕಟ್ಟಿದ್ದು ಯಾವ ವರ್ಷ, ಮಗಳು ಸುನಿತಾಳನ್ನು ಹಲಗೂರಿಗೆ ಕೊಟ್ಟು ಮದುವೆ ಮಾಡಿದ್ದು ಯಾವ ವರ್ಷ ಅಂತ ಮೊಬೈಲಿನಲ್ಲಿ ಪಟ್ಟಿ ಹರಿದಾಡಿತು. ಕಾರುಗಳಲ್ಲಿ ಚಾರುಮತಿಯ ಅಭಿಮಾನಿಗಳು ಬಂದರು. ಒಂದು ಭಾನುವಾರ ಗುದ್ದಲಿ ತಂದು ಅವನ ತಿಪ್ಪೆಯನ್ನೇ ಅಗೆದರು. ಚಿಕ್ಕಬೋರಯ್ಯ ಜಗಲಿ ಮೇಲೆ ಕೂತು ನೋಡುತ್ತಿದ್ದ. ಸಿಕ್ಕಿದ್ದು ಒಂದು ಹಳೇ ಲಾಳ.

ಬದುವಿನ ಈಚೆ ನಿಂತು ನಾಗಯ್ಯನೂ ನೋಡಿದ. ಅಯ್ಯೋ ಅನ್ನಿಸಿತು, ಸುಳ್ಳಲ್ಲ. ಅದರ ಜೊತೆಗೇ ಇನ್ನೊಂದೂ ಅನ್ನಿಸಿತು: ಬಂದ ಕಾರುಗಳಲ್ಲಿ ಒಂದೂ ತನ್ನ ಬಾಗಿಲಲ್ಲಿ ನಿಲ್ಲಲಿಲ್ಲ. ಬ್ಯಾಗಿನ ವಿಡಿಯೋ ಹನ್ನೆರಡು ಲಕ್ಷ ದಾಟಿತ್ತು, ಅದರ ಮೇಲಿದ್ದ ಚಿತ್ರ ಮಾತ್ರ ಅದೇ ಹಳೇ ಪೇಪರಿನ ಫೋಟೋ. ಮಾತಾಡಿದವನು ನಾಗಯ್ಯ, ಮುಖ ಚಿಕ್ಕಬೋರಯ್ಯನದು. ಕಳ್ಳ ಅನ್ನಿಸಿಕೊಂಡು ಕೂಡ ಅವನೇ ದೊಡ್ಡವನಾಗಿಬಿಟ್ಟ.

ಆ ಸಂಜೆ ಮರಿತಾಯಮ್ಮ ಹಾಲು ಕರೆಯುತ್ತಾ, ತಲೆ ಎತ್ತದೆ ಅಂದಳು: “ಅವತ್ತು ಅವ್ನು ಎಳೀದೆ ಇದ್ದಿದ್ರೆ ನನ್ ಕತ್ನಲ್ಲಿ ತಾಳಿ ಇರ್ತಿರ್ಲಿಲ್ಲ. ಅಂತಾವ್ನ ತಿಪ್ಪೆ ಅಗಿಸ್ದೆಯಲ್ಲಾ.”

ನಾಗಯ್ಯ ಎಂದಿನಂತೆ ಬೈಯಬೇಕಾಗಿತ್ತು. ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟ.

ಒಂದು ವಾರ ತಡೆದು ಮತ್ತೆ ಮಂಡ್ಯಕ್ಕೆ ಹೋದ. ಬ್ಯಾಗು ಇರಲಿಲ್ಲ, ನಾನೇ ಸುಳ್ಳು ಹೇಳಿದೆ, ಹೊಟ್ಟೆಕಿಚ್ಚಿಗೆ ಹೇಳಿದೆ ಅಂತ ಕ್ಯಾಮೆರಾ ಮುಂದೆ ಒಪ್ಪಿಕೊಂಡ. ಅದನ್ನು ಹೇಳುವುದು ಅವನಿಗೆ ನಾಲೆಯ ತಳಕ್ಕೆ ಹೋಗಿ ಬಂದಷ್ಟೇ ಕಷ್ಟವಾಯಿತು. ಅರುಂಧತಿ ಅವನು ಹೇಳಿದ್ದನ್ನು ಹೇಳಿದ ಹಾಗೇ ಚಾನೆಲ್ಲಿಗೆ ಹಾಕಿದಳು. ಕೆಳಗೆ ಜನ ಬರೆದದ್ದನ್ನು ಅಕ್ರಂ ಪಾಷಾ ಓದಿ ಹೇಳಿದ. ಪಾಪ ಮುದುಕನನ್ನು ಹೆದರಿಸಿದ್ದಾರೆ ಅಂತ ಒಬ್ಬ. ಕಣ್ಣು ನೋಡಿ, ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅಂತ ಇನ್ನೊಬ್ಬ. ಎಷ್ಟಕ್ಕೆ ಬಾಯಿ ಮುಚ್ಚಿಸಿದರೋ ಅಂತ ಮತ್ತೊಬ್ಬ. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಜನ ನಿಜವನ್ನು ಹತ್ತು ಸಲ ತಿರುವಿ ನೋಡಿ ಬಿಸಾಡಿದರು. ಬ್ಯಾಗು ಇತ್ತು ಅನ್ನುವುದಕ್ಕೆ ಈಗ ನಾಗಯ್ಯನ ತಪ್ಪೊಪ್ಪಿಗೆಯೇ ಸಾಕ್ಷಿಯಾಯಿತು.

ಚಿಕ್ಕಬೋರಯ್ಯ ಹಸುಗಳನ್ನು ಮಾರಿ, ಮನೆಗೆ ಬೀಗ ಹಾಕಿ ಹಲಗೂರಿನ ಮಗಳ ಮನೆಗೆ ಹೋಗಿಬಿಟ್ಟ. ಹೋಗುವ ಮುಂಚೆ ಹಗ್ಗವನ್ನು ಸುರುಳಿ ಸುತ್ತಿ ನಾಗಯ್ಯನ ಜಗಲಿಯ ಮೇಲೆ ಇಟ್ಟಿದ್ದ.

ಹಗ್ಗ ಮೂರು ತಿಂಗಳು ಅಲ್ಲೇ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ನಡುವೆ ವೈದ್ಯನಾಥಪುರದ ಕಡೆಯಿಂದ ಒಂದು ಕರೆ ಬಂತು, ಹೊಳೆಗೆ ಬಿದ್ದವನೊಬ್ಬ ಸಿಕ್ಕಿಲ್ಲ ಅಂತ. ಹಗ್ಗ ಹಿಡಿಯಲು ಹತ್ತು ಜನ ಮುಂದೆ ಬಂದರು. ನಾಗಯ್ಯ ಒಬ್ಬೊಬ್ಬರ ಎದೆಯನ್ನೂ ನೋಡಿದ. ಇವರಲ್ಲಿ ಯಾವನು ತನ್ನ ಜೊತೆ ಉಸಿರು ಹಿಡಿದಾನು? ಮೊಣಕಾಲು ನೋವು ಅಂತ ಸುಳ್ಳು ಹೇಳಿ ವಾಪಸು ಬಂದ. ಮಾರನೆಯ ದಿನ ಮರಿತಾಯಮ್ಮನಿಗೆ ಹುಂಜ ಕುಯ್ಯಲು ಹೇಳಿದ.

ಹಲಗೂರಿನ ಬಸ್ಸಿನಲ್ಲಿ ತೊಡೆಯ ಮೇಲೆ ಬಿಸಿ ಕ್ಯಾರಿಯರು. ಸುನಿತಾ ಬಾಗಿಲಲ್ಲಿ ಕಂಡು ಮುಖ ಬಿಗಿದುಕೊಂಡರೂ ಒಳಗೆ ಕರೆದಳು. ಚಿಕ್ಕಬೋರಯ್ಯ ಗೋಡೆಗೆ ಒರಗಿ ಕೂತಿದ್ದ. ಸೊರಗಿದ್ದ. ಅವನ ತಲೆಯ ಮೇಲೆ, ಗೋಡೆಯಲ್ಲಿ, ಗಾಜು ಹಾಕಿಸಿದ ಅದೇ ಫೋಟೋ. ತಪ್ಪಾಯಿತು ಅನ್ನುವ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ನಾಗಯ್ಯನಿಗೆ, ಫೋಟೋ ಕಂಡದ್ದೇ, ಬಾಯಿಗೆ ಬಂದದ್ದು ಬೇರೆ.

“ನೀರಿಗಿಳ್ದೋನು ನಾನು. ನಾವು ನಾವು ಅಂತ ಯಾಕಂದೆ ಅವತ್ತು?”

“ಇನ್ನೇನನ್ಲಿ?” ಅಂದ ಚಿಕ್ಕಬೋರಯ್ಯ. “ನೀನು ಒಳೀಕ್ ಓದಾಗೆಲ್ಲಾ ನಾನೂ ಓಯ್ತಿದ್ದೆ. ಮೇಲೀಕ್ ಬಂದ್ಮೇಲೆ ತಾನೆ ನಾನೂ ಉಸ್ರು ಬುಡ್ತಿದ್ದುದ್ದು.”

ನಾಗಯ್ಯ ಫೋಟೋದ ಹತ್ತಿರ ಹೋಗಿ ನೋಡಿದ. ಹತ್ತೊಂಬತ್ತು ವರ್ಷ ಅವನು ಅದರಲ್ಲಿ ನೋಡಿದ್ದು ಒಣಗಿದ ಅಂಗಿಯೊಂದನ್ನೇ. ಈಗ ನೋಡಿದರೆ ಚಿಕ್ಕಬೋರಯ್ಯನ ಬಾಯಿ ಬಿಗಿದಿತ್ತು, ಕೆನ್ನೆ ಉಬ್ಬಿತ್ತು, ಕುತ್ತಿಗೆಯ ನರಗಳು ಎದ್ದು ನಿಂತಿದ್ದವು. ಹಗ್ಗ ತಂತಿಯ ಹಾಗೆ ಸೆಟೆದು ನೀರೊಳಕ್ಕೆ ಹೋಗಿತ್ತು. ಬೆಲ್ಟು ಕಾಲಿಗೆ ಸುತ್ತಿಕೊಂಡ ಹೊತ್ತು ಅದು. ಆ ಹಗ್ಗದ ಕೊನೆಯಲ್ಲಿ, ನೀರಿನ ಅಡಿಯಲ್ಲಿ, ಬಾಯಿ ತುಂಬ ನೀರು ಕುಡಿಯುತ್ತಾ ತಾನಿದ್ದ. ಫೋಟೋದಲ್ಲಿ ಇವನ ಉಸಿರು ಕೂಡ ಕಾಣುತ್ತಿದೆ, ನನ್ನದೊಂದು ಕೂದಲೂ ಇಲ್ಲವಲ್ಲ ಅಂತ ಆಗಲೂ ಒಂದು ಸಲ ಅನ್ನಿಸಿತು.

ಕ್ಯಾರಿಯರನ್ನು ಚಿಕ್ಕಬೋರಯ್ಯನ ಮುಂದೆ ಇಟ್ಟು ಮುಚ್ಚಳ ತೆಗೆದ. ಮುದ್ದೆ ಇನ್ನೂ ಬಿಸಿ ಇತ್ತು. ಸುನಿತಾ ತಟ್ಟೆ ತಂದಿಟ್ಟಳು. ಚಿಕ್ಕಬೋರಯ್ಯ ಬಗ್ಗಿ ಸಾರಿನ ವಾಸನೆ ನೋಡಿದ.

“ಮರಿತಾಯಿ ಕೈಯಿನ್ನೂ ಅಂಗೇ ಐತೆ,” ಅಂದ. ಆಮೇಲೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದ. “ಮೂರ್ನೇ ದಿನದ್ ಊಟ ಮೂರ್ನೇ ದಿನಕ್ಕೇ ಕಣ್ಲಾ ನಾಗ. ಈಗ ಇದು ಬರೀ ಕೋಳಿ ಸಾರು. ತಕ್ಕೊಂಡೋಗು.”

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾಗಯ್ಯನೂ ಕೂಗಾಡಿ ಹಗುರಾಗುತ್ತಿದ್ದ. ತಪ್ಪಾಯಿತು ಅನ್ನುವ ಮಾತನ್ನು ಆಡದೆಯೇ ಮುಚ್ಚಳ ಹಾಕಿ ಎದ್ದ.

ಕೊಪ್ಪಕ್ಕೆ ಬರುವಷ್ಟರಲ್ಲಿ ಕ್ಯಾರಿಯರು ತಣ್ಣಗಾಗಿತ್ತು. ಮರಿತಾಯಮ್ಮ ಕೈಗೆ ತೆಗೆದುಕೊಂಡವಳು ಅದರ ಭಾರದಲ್ಲೇ ತಿಳಿದುಕೊಂಡಳು. ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಇಬ್ಬರಿಗೂ ಹಸಿವಿತ್ತು. ಮಜ್ಜಿಗೆ ಕುಡಿದು ಮಲಗಿದರು. ಹಗ್ಗ ಹಿಡಿದವನು ಇನ್ನೂ ಉಂಡಿರಲಿಲ್ಲ.