ಬೀಟಾ ತಿರುಮಲೇಶನ ರಿಪೇರಿ

ಆಂಟಾಪ್ ಹಿಲ್ ಕಾಲೊನಿಯಲ್ಲಿ ತಿರುಮಲೇಶ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ‘ಬೀಟಾ ತಿರುಮಲೇಶ’ ಎನ್ನಬೇಕಿತ್ತು. ಮೈಸೂರಿನಿಂದ ಬಂದು ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ಈ ಮಹಾರಾಯ, ಬಿಲ್ಡಿಂಗಿನವರೆಲ್ಲ ವಿ.ಎಚ್.ಎಸ್. ವಿಡಿಯೋ ತರುತ್ತಿದ್ದಾಗ ತಾನೊಬ್ಬನೇ ಬೀಟಾ ಎಂಬ ಬೇರೆ ಜಾತಿಯ ಮಷೀನು ತಂದಿದ್ದ. “ಚಿತ್ರ ಎಷ್ಟು ಸ್ವಚ್ಛ ನೋಡ್ರೀ!” ಎನ್ನುತ್ತಿದ್ದ. ನೋಡುವುದೇನು, ಮಣ್ಣು? ಒಂದರ ಕ್ಯಾಸೆಟ್ಟು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಬೀಟಾ ಕ್ಯಾಸೆಟ್ಟುಗಳೋ, ಎಂಬತ್ತಾರರ ಹೊತ್ತಿಗೆ ಸಯನ್ನಿನ ವಿಡಿಯೋ ಲೈಬ್ರರಿಗಳಿಂದಲೇ ಮಾಯವಾಗಿದ್ದವು.

ಮಗಳು ವನಮಾಲಾಳ ಮದುವೆಯ ಕ್ಯಾಸೆಟ್ಟೂ ಬಂದದ್ದು ವಿ.ಎಚ್.ಎಸ್.ನಲ್ಲೇ. ಅದಕ್ಕಾಗಿ ಹೆಂಡತಿ ಪಂಕಜಾ ಮೂರು ತಿಂಗಳಿಂದ ಹಲ್ಲು ಕಚ್ಚಿ ಕಾದಿದ್ದಳು. ಬೀಗಿತ್ತಿ ಕೌಸಲ್ಯಮ್ಮ ಛತ್ರದ ಬಾಗಿಲಲ್ಲೇ ಕಾಫಿ ಆರಿದೆಯೆಂದು ರಂಪ ಮಾಡಿದ್ದರು. ಈಗ ನೋಡಿದರೆ ಭಾಂಡುಪಿನ ತಮ್ಮ ಮನೆಯಲ್ಲಿ ಕೂತು, ತಾವು ತುಟಿಪಿಟಕ್ಕೆನ್ನಲಿಲ್ಲ ಎಂದು ಸಾರುತ್ತಿದ್ದರು.

“ಭಾನುವಾರ ಬೀಗರನ್ನ ಕರೀತೀನಿ. ಕ್ಯಾಸೆಟ್ಟೇ ಬಾಯಿ ಬಿಡತ್ತೆ,” ಎಂದಳು ಪಂಕಜಾ.

“ಬೇಡಮ್ಮಾ, ಆಮೇಲೆ ಆ ಮನೇಲಿ ಬಾಳೋಳು ನಾನು,” ಎಂದು ತವರಿಗೆ ಬಂದಿದ್ದ ವನಮಾಲಾ ಗೋಗರೆದಳು. ಕೇಳುವವರು ಯಾರು?

ಪಕ್ಕದ ಮನೆಯ ಕಿಟ್ಟುವಿನ ವಿ.ಎಚ್.ಎಸ್. ಮಷೀನನ್ನು ಗೊತ್ತುಮಾಡಿದ್ದಾಯಿತು. ಭಾನುವಾರ ಮಧ್ಯಾಹ್ನ ತಿರುಮಲೇಶ ಕ್ಯಾಸೆಟ್ಟನ್ನು ತಿರುಗಿಸಿ ನೋಡಿದ. ಬೆನ್ನಿನ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ತುಂಡೊಂದು ಮುರಿದು ತೂತು ಬಿದ್ದಿತ್ತು. “ಹೊಸ ಮಾಲು, ಆಗಲೇ ಮುರಿದಿದೆ! ವಿಡಿಯೋದವನು ಕಳ್ಳ!” ಎಂದು ಬೈದು, ತೂತಿನ ಮೇಲೆ ಅಂಟುಪಟ್ಟಿ ಹಚ್ಚಿದ. ಮುರಿದದ್ದನ್ನು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಸಂಜೆ ಬೀಗರು ಬಂದು ಕಿಟ್ಟುವಿನ ಮನೆಯಲ್ಲಿ ಕೂತರು. ಕಿಟ್ಟು ಕಾಫಿಗೆಂದು ಒಳಗೆ ಹೋಗಿದ್ದ. “ನಂಗೆ ಗೊತ್ತಿಲ್ವೇ ಮಷೀನು?” ಎಂದು ತಿರುಮಲೇಶನೇ ಗುಂಡಿಗಳನ್ನು ಒತ್ತಿದ. ಪರದೆಯ ಮೇಲೆ ಪೇಟ ಸುತ್ತಿದ ಒಬ್ಬರು ಕೈಮುಗಿದರು.

“ಯಾರಿವರು, ನಿಮ್ಮ ಕಡೆಯವರಾ?” ಕೌಸಲ್ಯಮ್ಮ ಕೇಳಿದರು.

“ಅಯ್ಯೋ, ನಿಮ್ಮ ಕಡೆಯವರು ಅಂದ್ಕೊಂಡಿದ್ದೆ,” ಎಂದಳು ಪಂಕಜಾ.

ದೂರದ ನೆಂಟರಿರಬೇಕೆಂದು ಎರಡೂ ಕಡೆಯವರು ಮರ್ಯಾದೆಯಿಂದ ಹತ್ತು ನಿಮಿಷ ನೋಡಿದರು. ಆಮೇಲೆ ಎಮ್ಮೆ ಬಂತು.

ಕಾಫಿ ತಂದ ಕಿಟ್ಟು ಕಿರುಚಿಕೊಂಡ. “ಅರೇ ಅಂಕಲ್, ಬಂದ್ ಕರೋ! ರೆಕಾರ್ಡ್ ಆಗ್ತಾ ಇದೆ! ಟೀವಿಯ ರೈತರ ಖೇತಿ ಪ್ರೋಗ್ರಾಮ್ ಮದುವೆ ಮೇಲೆ ಹೋಗಿ ಕೂತಿದೆ!” ಕ್ಯಾಸೆಟ್ಟು ಹೊರತೆಗೆದು ನೋಡಿದ. “ಯಾರೂ ಅಳಿಸಬಾರ್ದು ಅಂತಾನೇ ಈ ತುಂಡು ಮುರಿದಿರ್ತಾರೆ. ಯಾರಿದಕ್ಕೆ ಪಟ್ಟಿ ಹಚ್ಚಿದ್ದು?”

“ನಾನೇ, ರಿಪೇರಿ...” ಎಂದ ತಿರುಮಲೇಶ.

ಹಿಂದಕ್ಕೆ ಸುತ್ತಿ ನೋಡಿದರೆ ಎಮ್ಮೆಯಾದ ಮೇಲೆ ನೇರ ಕಾಶೀಯಾತ್ರೆ. ಗಂಡಿನ ಕಡೆಯವರು ಬಂದಿಳಿದದ್ದು, ಬಾಗಿಲು, ಕಾಫಿ, ಎಲ್ಲ ಅಳಿಸಿಹೋಗಿತ್ತು.

“ನೋಡಿದ್ರಾ? ನಾನೆಲ್ಲಿ ಮಾತಾಡಿದೀನಿ?” ಎಂದರು ಕೌಸಲ್ಯಮ್ಮ, ನೆಮ್ಮದಿಯಿಂದ ಕಾಫಿ ಹೀರುತ್ತ. “ಎಮ್ಮೆ ಮಾತ್ರ ಲಕ್ಷಣವಾಗಿ ಬಂದಿದೆ.”

ಪಂಕಜಾ ಗಂಡನನ್ನು ನುಂಗುವ ಹಾಗೆ ನೋಡಿದಳು. ಅವರು ಹೊರಡುವಾಗಲೂ ತಿರುಮಲೇಶ ತಲೆಯೆತ್ತಲಿಲ್ಲ. ನಾಚಿಕೆಯಿಂದ ಹಿಡಿಯಾಗಿ ಹೋಗಿದ್ದ. ಬೀಗರು ಮೆಟ್ಟಿಲಿಳಿಯುತ್ತಿದ್ದಂತೆ, ತಂದೆಯನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದ ವನಮಾಲಾ ಹಿಂದೆ ಉಳಿದು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

“ಅಳಬೇಡ ಮಗಳೇ, ಇನ್ನೊಂದು ಕಾಪಿ ಇರತ್ತೆ, ವಿಡಿಯೋದವನ್ನ ಕೇಳ್ತೀನಿ,” ಎಂದ ಅವನು.

“ಕೇಳಿದ್ರೆ ನನ್ನಾಣೆ, ಅಣ್ಣ,” ಎಂದು ಕಣ್ಣೊರೆಸಿಕೊಂಡು ನಕ್ಕು, ಅವಳು ಅತ್ತೆಯ ಹಿಂದೆ ಓಡಿದಳು.