ಸರ್ ಹೆಸರಿನ ಕೆಳಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಕೇಬಲ್ ತುದಿ ಒತ್ತುವ ಇಕ್ಕಳಕ್ಕೆ ಸಿಕ್ಕು ಸತ್ತ ಉಗುರು ಅದು. ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಅವರನ್ನು ನಾವೆಲ್ಲ ನೆಟ್‌ವರ್ಕ್ ಸರ್ ಎನ್ನುತ್ತಿದ್ದೆವು. ದಿನಾ ತಮ್ಮ ಹಳ್ಳಿ ಮುಗದದಿಂದ ಬಸ್ಸಿಗೆ ಬರುತ್ತಿದ್ದರು. ಶನಿವಾರ ಮನೆಯ ಅವಲಕ್ಕಿ ತಂದು ಕಾಗದದ ಮೇಲೆ ಎಲ್ಲರಿಗೂ ಹಂಚುತ್ತಿದ್ದರು.

ನಮ್ಮ ವಿಭಾಗದ ಆರು ಪರದೆಗಳೂ ಒಂದೇ ದೊಡ್ಡ ಕಂಪ್ಯೂಟರಿಗೆ ಜೋಡಿಸಿದಂಥವು. ಇಂಟರ್ನೆಟ್ಟಿಗೆ ಹೋಗಬೇಕಾದರೆ ಬಾಗಿಲು ಕಾಯುವ ಫೈರ್‌ವಾಲ್‌ಗೆ ಹೆಸರು, ಪಾಸ್‌ವರ್ಡ್ ಕೊಡಬೇಕು. ಬೆಳಿಗ್ಗೆ ಮೊದಲು ಯಾರು ಕೊಟ್ಟರೋ, ಉಳಿದ ಐವರೂ ದಿನವಿಡೀ ಫೈರ್‌ವಾಲ್ ಪಾಲಿಗೆ ಆ ಒಬ್ಬರೇ. ಒಬ್ಬೊಬ್ಬರನ್ನೂ ಬೇರೆ ಗುರುತಿಸುವ ಸಾಫ್ಟ್‌ವೇರ್ ಬೇಕೆಂದು ಸರ್ ಎರಡು ವರ್ಷ ಅರ್ಜಿ ಬರೆದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ನಿಲ್ಲಬಾರದೆಂದು ಸರ್ ತಮ್ಮ ಹೆಸರನ್ನೇ ಕೊಟ್ಟು ದಾರಿ ತೆರೆದರು, ಪಕ್ಕದಲ್ಲಿ ಒಂದು ನೋಟ್‌ಬುಕ್ ಕಟ್ಟಿದರು.

“ಫೈರ್‌ವಾಲ್‌ಗ ಮಾರಿ ಕಾಣಂಗಿಲ್ರಿ, ಈ ಕಂಪ್ಯೂಟರ್ ಪೆಟಗಿ ಅಷ್ಟ ಕಾಣತೈತಿ. ಯಾರು ಏನು ಕಳಸತೀರಿ, ಹೆಸರು ಬರದು ಕಳಸ್ರಿ,” ಎನ್ನುತ್ತಿದ್ದರು.

ಮೇಲ್ಪಂಕ್ತಿಗೆಂದು ದಿನಾ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ನಾವೋ ಸೋಮಾರಿಗಳು. ಅದರ ಕೆಳಗೆ ‘ಮೇಲಿನಂತೆ’ ಎಂದು ಎರಡು ಗೀಟು ಎಳೆದು ಕೈತೊಳೆದುಕೊಳ್ಳುತ್ತಿದ್ದೆವು. ನಾವೆಲ್ಲ ನಿಮ್ಮ ಅವತಾರಗಳೇ ಎಂದು ಛೇಡಿಸುವುದು ಬೇರೆ. ಆ ಗೀಟಿನ ಚಾಳಿ ಶುರುಮಾಡಿದವಳು ನಾನೇ.

ಒಂದು ಮಧ್ಯಾಹ್ನ ಅವಸರದಲ್ಲಿ, ವಿಭಾಗದ ಸಾಮಾನ್ಯ ಇಮೇಲಿನಿಂದ, ಗಿರಾಕಿಯೊಬ್ಬರ ಹೊಸ ಯಂತ್ರದ ಡ್ರಾಯಿಂಗನ್ನು ತಪ್ಪು ವಿಳಾಸಕ್ಕೆ ಕಳಿಸಿಬಿಟ್ಟೆ. ಅದು ರಾಯಾಪುರದ ಎದುರಾಳಿ ಕಂಪನಿಗೆ ಮುಟ್ಟಿತು. ಗಿರಾಕಿ ನಮ್ಮನ್ನು ಕೈಬಿಟ್ಟರು. ವಿಚಾರಣೆಯಲ್ಲಿ ಫೈರ್‌ವಾಲ್ ದಾಖಲೆ ತೆಗೆದರೆ ಸರ್ ಹೆಸರು. ನೋಟ್‌ಬುಕ್ ತೆಗೆದರೆ ಸರ್ ಹೆಸರು, ಕೆಳಗೆ ಬರೀ ಗೀಟು. ನನ್ನ ನೌಕರಿ ಕಾಯಂ ಆಗಲು ಒಂದು ವಾರ ಬಾಕಿಯಿತ್ತು. ನನ್ನನ್ನು ಕೇಳಿದಾಗ ಗೊತ್ತಿಲ್ಲ ಎಂದೆ.

ಅವರನ್ನು ಕೆಲಸದಿಂದ ತೆಗೆದರು. ಇಕ್ಕಳ ಚೀಲಕ್ಕೆ ಹಾಕಿಕೊಂಡು ಹೊರಟವರು ನನ್ನ ಮೇಜಿನ ಹತ್ತಿರ ನಿಂತರು.

“ನಿಮ್ಮ ಗೀಟು ಸ್ವಲ್ಪ ವಾರಿ, ಒಂದ ಕಡೆ ಬಾಗಿ ಇರತಾವ್ರಿ, ನನಗ ಗೊತ್ತೈತಿ. ನೀವ ಹೇಳತೀರಂತ ಕಾಯ್ಕೋತ ಕುಂತಿದ್ದೆ.”

ಅಂಥ ಆಪಾದನೆ ಹೊತ್ತವರಿಗೆ, ಐವತ್ತು ದಾಟಿದ ವಯಸ್ಸಿನಲ್ಲಿ, ಬೇರೆ ಯಾರೂ ಕೆಲಸ ಕೊಡಲಿಲ್ಲ. ನಾನು ಕಾಯಂ ಆದೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಳ್ಳುತ್ತಲೇ ಮೂರು ವರ್ಷ ಕಳೆದೆ. ನನ್ನ ಹೇಡಿತನಕ್ಕೆ ನನಗೇ ಹೇಸಿಗೆ. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಮುಗದಕ್ಕೆ ಹೋದೆ. ಆಫೀಸಿನಿಂದ ಬಂದವಳು ನಾನೊಬ್ಬಳೇ. ಅವರ ಹೆಂಡತಿ ಚಾಪೆ ಹಾಸಿ ಕೂಡಿಸಿ, “ನಿಮ್ಮ ಹೆಸರೇನ್ರಿ?” ಎಂದು ಕೇಳಿದರು.

“ಸರ್ ಕೂಡ ಕೆಲಸಾ ಮಾಡತಿದ್ದೆರಿ,” ಎಂದೆ. ಹೆಸರು ಹೇಳಲಿಲ್ಲ.